ಲಾಟೀನು ಹಿಡಿದಾಕೆ ಲೆಕ್ಕವನ್ನೂ ಬರೆದಿಟ್ಟರು: ಆರೈಕೆಯ ಪ್ರಶ್ನೋತ್ತರ

ಮೇ 12 ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ. ದಾದಿಯರ ದಿನವೂ ಅದೇ. ಆ ನೆಪದಲ್ಲಿ ಶಿರಸಿಯಿಂದ ಕಾರವಾರದವರೆಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಕೆಲವರು ಆಕೆಯ ಬಗ್ಗೆ ಕೇಳಿದ್ದಾರೆ, ಹೆಚ್ಚಿನವರು ಮನೆಯಲ್ಲಿ ಹಾಸಿಗೆ ಹಿಡಿದವರ ಬಗ್ಗೆ ಕೇಳಿದ್ದಾರೆ. ಎರಡನ್ನೂ ಬೇರೆ ಮಾಡುವುದು ನಮಗೆ ಸರಿ ಕಾಣಲಿಲ್ಲ.

ಪ್ರಶ್ನೆ: ಶಾಲೆಯಲ್ಲಿ ಮಕ್ಕಳು ನೈಟಿಂಗೇಲ್ ಬಗ್ಗೆ ಭಾಷಣ ಮಾಡುವಾಗ ದೀಪ ಹಿಡಿದು ರಾತ್ರಿ ರೋಗಿಗಳನ್ನು ನೋಡುತ್ತಿದ್ದರು ಎಂಬಲ್ಲಿಗೆ ನಿಲ್ಲಿಸುತ್ತಾರೆ. ಅದರಾಚೆ ಹೇಳಬಹುದಾದದ್ದು ಏನಿದೆ? ದಾದಿಯರ ಪ್ರತಿಜ್ಞೆಯನ್ನು ಬರೆದವರೂ ಅವರೇ ಅಲ್ಲವೇ?
ಶಿಕ್ಷಕಿ, ಶಿರಸಿ

ದೀಪ ನಿಜ. ಆದರೆ ಚಿತ್ರಗಳಲ್ಲಿ ಕಾಣುವ ಅಲ್ಲಾವುದ್ದೀನನ ದೀಪದಂಥದ್ದಲ್ಲ. ಟರ್ಕಿಯಲ್ಲಿ ಬಳಕೆಯಲ್ಲಿದ್ದ, ಮಡಚಿಡಬಹುದಾದ ಗೂಡಿನೊಳಗೆ ಮೇಣದ ಬತ್ತಿ ಇಡುವ ‘ಫಾನೂಸ್’ ಅದು. ದೀಪಾವಳಿಯ ಗೂಡುದೀಪ ತೋರಿಸಿ ಹೇಳಿದರೆ ಮಕ್ಕಳಿಗೆ ತಟ್ಟನೆ ಹೊಳೆಯುತ್ತದೆ.

ಆಕೆ 1820ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ, ಸಿರಿವಂತ ಇಂಗ್ಲಿಷ್ ಮನೆತನದಲ್ಲಿ ಹುಟ್ಟಿದವರು. ಆಗ ನರ್ಸ್ ಕೆಲಸಕ್ಕೆ ಮರ್ಯಾದೆ ಇರಲಿಲ್ಲ, ಮನೆಯವರು ಒಪ್ಪಲಿಲ್ಲ. ವರ್ಷಗಟ್ಟಲೆ ಕಾದು, 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಮೂರು ತಿಂಗಳು ಕಲಿತರು. 1853ರಲ್ಲಿ ಲಂಡನ್ನಿನ ಒಂದು ಸಣ್ಣ ಆಸ್ಪತ್ರೆಯ ಮೇಲ್ವಿಚಾರಣೆ ವಹಿಸಿಕೊಂಡರು. ಮರುವರ್ಷ, ರಷ್ಯಾದ ವಿರುದ್ಧ ಬ್ರಿಟನ್ ಕಾದುತ್ತಿದ್ದ ಕ್ರೈಮಿಯಾ ಯುದ್ಧದ ಗಾಯಾಳುಗಳಿಗಾಗಿ 38 ಮಹಿಳೆಯರನ್ನು ಕರೆದುಕೊಂಡು ಇಸ್ತಾಂಬುಲ್ ಎದುರಿನ ಸ್ಕುಟಾರಿಗೆ ಹೊರಟರು. ನವೆಂಬರ್ ಮೊದಲ ವಾರ ಮುಟ್ಟಿದರು.

ಮಕ್ಕಳಿಗೆ ಮುಖ್ಯವಾಗಿ ಹೇಳಬೇಕಾದದ್ದು ಇಲ್ಲಿಂದ ಮುಂದಿನದು. ದಾದಿಯರು ಬಂದ ಕೂಡಲೇ ಸಾವು ಇಳಿಯಲಿಲ್ಲ. ಆ ಚಳಿಗಾಲದಲ್ಲಿ ಏರುತ್ತಲೇ ಹೋಯಿತು. 1855ರ ಜನವರಿ ಒಂದೇ ತಿಂಗಳಲ್ಲಿ ಆ ಯುದ್ಧಕ್ಕೆ ಹೋದ ಬ್ರಿಟಿಷ್ ಸೇನೆಯಲ್ಲಿ ಗಾಯದಿಂದ ಸತ್ತವರು 83 ಮಂದಿ. ಭೇದಿ, ಕಾಲರಾ, ಜ್ವರದಂಥ ಅಂಟುಜಾಡ್ಯಗಳಿಂದ ಸತ್ತವರು 2,761. ಗುಂಡಿನೇಟಿಗಿಂತ ಮೂವತ್ತು ಪಟ್ಟಿಗೂ ಹೆಚ್ಚು ಜನರನ್ನು ಕೊಳಕು ಕೊಂದಿತ್ತು. ಆಸ್ಪತ್ರೆಯ ಕಟ್ಟಡದ ಕೆಳಗೇ ಚರಂಡಿಗಳು ಕಟ್ಟಿಕೊಂಡಿದ್ದವು. ಮಾರ್ಚ್‌ನಲ್ಲಿ ಸರ್ಕಾರ ಕಳಿಸಿದ ನೈರ್ಮಲ್ಯ ಆಯೋಗ ಬಂದು ಚರಂಡಿ ತೊಳೆಸಿತು, ನೀರಿನ ದಾರಿ ಸರಿಮಾಡಿತು, ಗಾಳಿಗೆ ಕಿಂಡಿ ಬಿಡಿಸಿತು. ಸಾವು ಇಳಿದದ್ದು ಆಮೇಲೆ. ಫೆಬ್ರವರಿಯಲ್ಲಿ ನೂರಕ್ಕೆ 42ರಷ್ಟಿದ್ದ ಪ್ರಮಾಣ ಜೂನ್ ಹೊತ್ತಿಗೆ 2ರ ಆಸುಪಾಸಿಗೆ ಬಂತು.

ಊರಿಗೆ ಮರಳಿದ ಮೇಲೆ ನೈಟಿಂಗೇಲ್ ಈ ಅಂಕಿಗಳ ಜೊತೆ ಕುಳಿತರು. ತನ್ನ ಕೈಯಾರೆ ನೋಡಿಕೊಂಡವರು ಯಾಕೆ ಸತ್ತರು ಎಂಬುದನ್ನು ತಿಂಗಳು ತಿಂಗಳಾಗಿ ಲೆಕ್ಕ ಹಾಕಿದರು. ಅಂಕಿಪಟ್ಟಿಯನ್ನು ಮಂತ್ರಿಗಳು ಓದುವುದಿಲ್ಲ ಎಂದು ಗೊತ್ತಿದ್ದರಿಂದ 1858ರಲ್ಲಿ ಅದನ್ನು ಬಣ್ಣದ ಚಿತ್ರವಾಗಿ ಬಿಡಿಸಿದರು: ವೃತ್ತಕ್ಕೆ ಹನ್ನೆರಡು ಹೋಳು, ಹೋಳಿಗೊಂದು ತಿಂಗಳು. ಅಂಕಿಅಂಶ ತಜ್ಞರ ಸಂಘವಾದ ಲಂಡನ್ನಿನ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಆ ವರ್ಷ ಮೊದಲ ಬಾರಿಗೆ ಒಬ್ಬ ಹೆಣ್ಣನ್ನು ಸದಸ್ಯೆಯಾಗಿ ಸೇರಿಸಿಕೊಂಡಿತು. ಅದು ಇವರನ್ನೇ. 1859ರಲ್ಲಿ ಮನೆಮಂದಿಗಾಗಿ ಶುಶ್ರೂಷೆಯ ಪುಸ್ತಕ ಬರೆದರು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ತರಬೇತಿ ಶಾಲೆ ತೆರೆಸಿದರು. ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಆದರೂ ಇಲ್ಲಿನ ದಂಡುಪ್ರದೇಶಗಳ ಕಡತ ತರಿಸಿ ಓದಿ, ವರ್ಷಕ್ಕೆ ಸಾವಿರ ಸೈನಿಕರಲ್ಲಿ 69 ಮಂದಿ ಸಾಯುತ್ತಿರುವುದನ್ನು ಎತ್ತಿ ತೋರಿಸಿ, ಕುಡಿಯುವ ನೀರು ಮತ್ತು ಚರಂಡಿಯ ವಿಷಯದಲ್ಲಿ ಸರ್ಕಾರದ ಬೆನ್ನು ಬಿಡಲಿಲ್ಲ. ಆ ವರದಿ 1863ರದು. ಇಷ್ಟರಲ್ಲಿ ಬಹುಪಾಲನ್ನು ಮಾಡಿದ್ದು ಯುದ್ಧಭೂಮಿಯಲ್ಲಿ ತಗುಲಿದ ಕಾಯಿಲೆಯಿಂದ ನರಳುತ್ತ, ಹಾಸಿಗೆಯ ಮೇಲೆ. 1907ರಲ್ಲಿ ಬ್ರಿಟನ್ನಿನ ಗೌರವ ಪದವಿ ‘ಆರ್ಡರ್ ಆಫ್ ಮೆರಿಟ್’ ಪಡೆದ ಮೊದಲ ಮಹಿಳೆಯಾದರು. 1910ರಲ್ಲಿ ತೀರಿಕೊಂಡರು.

ಪ್ರತಿಜ್ಞೆ ಅವರದಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ದಾದಿಯರ ಶಾಲೆಯೊಂದರ ಲಿಸ್ಟ್ರಾ ಗ್ರೆಟರ್ ಮತ್ತು ಸಂಗಡಿಗರು ರಚಿಸಿ, ಗೌರವಕ್ಕಾಗಿ ನೈಟಿಂಗೇಲ್ ಹೆಸರಿಟ್ಟರು.

ಭಾಷಣದ ಬದಲು ಮಕ್ಕಳಿಂದ ಆ ವೃತ್ತಚಿತ್ರವನ್ನೇ ಮಾಡಿಸಿ ನೋಡಿ. ಜೂನ್‌ನಿಂದ ತಿಂಗಳು ತಿಂಗಳಿಗೆ ಜ್ವರವೆಂದು ರಜೆ ಹಾಕಿದವರ ಸಂಖ್ಯೆ ಹಾಜರಿ ಪುಸ್ತಕದಲ್ಲೇ ಸಿಗುತ್ತದೆ. ಒಂದು ಕಡೆ ತಪ್ಪುತ್ತಾರೆ: ಸಂಖ್ಯೆ ನಾಲ್ಕು ಪಟ್ಟಾದರೆ ಹೋಳಿನ ಉದ್ದವನ್ನೂ ನಾಲ್ಕು ಪಟ್ಟು ಎಳೆದುಬಿಡುತ್ತಾರೆ. ಸಂಖ್ಯೆಯನ್ನು ತೋರಿಸಬೇಕಾದದ್ದು ಹೋಳಿನ ವಿಸ್ತೀರ್ಣ. ಜೂನ್‌ನಲ್ಲಿ 4 ಮಕ್ಕಳಿಗೆ 2 ಸೆಂಟಿಮೀಟರ್ ತ್ರಿಜ್ಯ ಹಿಡಿದರೆ, ಜುಲೈನ 16 ಮಕ್ಕಳಿಗೆ 4 ಸೆಂಟಿಮೀಟರ್ ಸಾಕು. ಗಣಿತದ ಮಾಸ್ತರರನ್ನೂ ಜೊತೆಗೆ ಕರೆದುಕೊಳ್ಳಿ.

ಪ್ರಶ್ನೆ: ತಾಯಿಗೆ 72 ವರ್ಷ. ಲಕ್ವ ಹೊಡೆದು ಎಡಭಾಗ ಬಿದ್ದಿದೆ, ಮಲಗಿ ಒಂದೂವರೆ ತಿಂಗಳಾಯಿತು. ಸೊಂಟದ ಕೆಳಗೆ ರೂಪಾಯಿ ಅಗಲ ಕೆಂಪಾಗಿದೆ. ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿ ಎನ್ನುತ್ತಾರೆ ಕೆಲವರು, ಅರಿಶಿನ ಹಾಕಿ ಎನ್ನುತ್ತಾರೆ ಇನ್ನು ಕೆಲವರು. ಏರ್ ಬೆಡ್ ತಂದಿದ್ದೇವೆ. ಇನ್ನೇನು ಮಾಡಬೇಕು?
ಮಗಳು, ಅಂಕೋಲಾ

ಈಗಲೇ ಕೇಳಿದ್ದು ಒಳ್ಳೆಯದಾಯಿತು. ಚರ್ಮ ಒಡೆಯುವ ಮೊದಲಿನ ಈ ಹಂತದಲ್ಲಿ ಹಾಸಿಗೆ ಹುಣ್ಣನ್ನು ಮನೆಯಲ್ಲೇ ತಡೆಯಬಹುದು. ಒಡೆದ ಮೇಲೆ ವಾರಗಳಲ್ಲ, ತಿಂಗಳುಗಳು ಹಿಡಿಯುತ್ತವೆ.

ಮೊದಲು ಪರೀಕ್ಷೆ. ಕೆಂಪಾದ ಜಾಗವನ್ನು ಬೆರಳಿನಿಂದ ಮೂರು ಸೆಕೆಂಡ್ ಒತ್ತಿ ಬಿಡಿ. ಬೆಳ್ಳಗಾಗಿ ಮತ್ತೆ ಕೆಂಪೇರಿದರೆ ರಕ್ತ ಓಡಾಡುತ್ತಿದೆ. ಒತ್ತಿದರೂ ಬಣ್ಣ ಬದಲಾಗದಿದ್ದರೆ ಹುಣ್ಣು ಒಳಗಿನಿಂದ ಶುರುವಾಗಿದೆ. ಮೈಬಣ್ಣ ಕಪ್ಪಿದ್ದವರಲ್ಲಿ ಕೆಂಪು ಕಾಣುವುದೇ ಇಲ್ಲ. ಆ ಜಾಗ ಪಕ್ಕದ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ, ಅಥವಾ ಕೊಳೆತ ಹಣ್ಣಿನಂತೆ ಮೆತ್ತಗಾಗಿದೆಯೇ ಎಂದು ಮುಟ್ಟಿ ನೋಡಬೇಕು. ಸೊಂಟದ ಬುಡ, ಎರಡೂ ಹಿಮ್ಮಡಿ, ಸೊಂಟದ ಪಕ್ಕದ ಮೂಳೆ, ಕಾಲಿನ ಹರಡು (ಗಿಣ್ಣು), ಮೊಣಕೈ, ಹೆಗಲಿನ ಹಿಂಬದಿ, ಕಿವಿ, ತಲೆಯ ಹಿಂಭಾಗ: ಇಷ್ಟನ್ನೂ ದಿನಕ್ಕೆರಡು ಸಲ ಬೆಳಕಿನಲ್ಲಿ ನೋಡಿ. ಹಿಮ್ಮಡಿಯನ್ನು ನೋಡಲು ಮರೆಯುವವರೇ ಹೆಚ್ಚು.

ಆ ಜಾಗವನ್ನು ತಿಕ್ಕಬೇಡಿ. ಎಲುಬಿನ ಮೇಲಿನ ಚರ್ಮ ಈಗಾಗಲೇ ರಕ್ತವಿಲ್ಲದೆ ಬಳಲಿದೆ, ತಿಕ್ಕಿದರೆ ಒಳಪದರ ಹರಿಯುತ್ತದೆ. ಕೈಕಾಲಿಗೆ ಎಣ್ಣೆ ಸವರಿದರೆ ತೊಂದರೆಯಿಲ್ಲ. ಅರಿಶಿನ ಬೇಡ, ಬಣ್ಣ ಮುಚ್ಚಿ ಏನಾಗುತ್ತಿದೆ ಎಂದು ಕಾಣದಂತಾಗುತ್ತದೆ. ಪೌಡರ್ ಬೆವರಿನೊಂದಿಗೆ ಸೇರಿ ಉಂಡೆ ಕಟ್ಟಿ ಉಜ್ಜುತ್ತದೆ. ನಡುವೆ ತೂತಿರುವ ರಬ್ಬರ್ ರಿಂಗ್ ಮೇಲೆ ಕೂರಿಸುವ ರೂಢಿಯೂ ಇದೆ. ರಿಂಗಿನ ಅಂಚು ಸುತ್ತಲಿನ ರಕ್ತನಾಳಗಳನ್ನೇ ಒತ್ತುವುದರಿಂದ ಅದೂ ಬೇಡ.

ಮದ್ದು ಎಂದರೆ ಮಗ್ಗಲು ಬದಲಿಸುವುದು. ಎರಡು ಗಂಟೆಗೊಮ್ಮೆ, ರಾತ್ರಿಯೂ. ಕೆಂಪು ಹೋಗುವ ತನಕ ಬೆನ್ನ ಮೇಲೆ ಮಲಗಿಸಲೇಬೇಡಿ: ಬಲಕ್ಕೆ ಎರಡು ಗಂಟೆ, ಎಡಕ್ಕೆ ಎರಡು ಗಂಟೆ. ಪೂರ್ತಿ ಮಗ್ಗುಲಾಗಿ ಮಲಗಿಸಿದರೆ ಭಾರವೆಲ್ಲ ಸೊಂಟದ ಪಕ್ಕದ ಮೂಳೆಯ ಮೇಲೆ ಬೀಳುತ್ತದೆ. ಆದ್ದರಿಂದ ಮೂವತ್ತು ಡಿಗ್ರಿ ಓರೆ ಸಾಕು. ಹೆಗಲಿನಿಂದ ಸೊಂಟದವರೆಗೆ ಬೆನ್ನ ಹಿಂದೆ ಒಂದು ಲೋಡು ಒತ್ತಿಡಿ. ಅಂಗೈಯನ್ನು ಬಾಲಮೂಳೆಯ ಕೆಳಗೆ ತೂರಿಸಿ ನೋಡಿ, ಕೈ ಸಲೀಸಾಗಿ ಹೋದರೆ ಓರೆ ಸರಿಯಾಗಿದೆ. ಮಂಡಿಗಳ ನಡುವೆ ಒಂದು ದಿಂಬು. ಮೀನಖಂಡದ ಕೆಳಗೆ ಉದ್ದಕ್ಕೆ ಇನ್ನೊಂದು. ಹಿಮ್ಮಡಿ ಹಾಸಿಗೆಗೆ ತಾಗದೆ ಗಾಳಿಯಲ್ಲಿರಬೇಕು.

ಎಡಭಾಗ ಬಿದ್ದಿರುವುದರಿಂದ ಎಡಗೈ ಹಿಡಿದು ಎಂದೂ ಎಳೆಯಬೇಡಿ. ಸತ್ವವಿಲ್ಲದ ಹೆಗಲ ಕೀಲು ಜಾರಿ, ಜನ್ಮವಿಡೀ ನೋವಾಗಿ ಉಳಿಯುತ್ತದೆ. ಎಡ ಮಗ್ಗುಲಿಗೆ ಮಲಗಿಸಿದಾಗ ಆ ಹೆಗಲನ್ನು ಮೆಲ್ಲಗೆ ಮುಂದಕ್ಕೆ ತಂದು, ತೋಳು ಮೈಕೆಳಗೆ ಸಿಕ್ಕಿಕೊಳ್ಳದಂತೆ ಚಾಚಿಡಿ. ಕೆಳಗೆ ಜಾರಿದವರನ್ನು ಮೇಲೆ ಸರಿಸಲು ಇಬ್ಬರು ಬೇಕು. ಹೆಗಲಿನಿಂದ ತೊಡೆಯವರೆಗೆ ಬರುವಂತೆ ಒಂದು ಅಡ್ಡ ಹಾಸು ಹಾಸಿರಿ, ಎರಡೂ ಅಂಚನ್ನು ಮೈಗೆ ಹತ್ತಿರವಾಗಿ ಸುತ್ತಿ ಹಿಡಿದು ಎತ್ತಿ ಇಡಿ. ಎಳೆದರೆ ಚರ್ಮ ಹಾಸಿಗೆಗೆ ಅಂಟಿ ಮಾಂಸ ಮಾತ್ರ ಜರುಗುತ್ತದೆ. ಎಷ್ಟೋ ಹುಣ್ಣುಗಳು ಶುರುವಾಗುವುದು ಹೀಗೆ.

ಏರ್ ಬೆಡ್ ಒಳ್ಳೆಯದು, ಆದರೆ ಮಗ್ಗಲು ಬದಲಿಸುವ ಕೆಲಸವನ್ನು ಅದು ತಪ್ಪಿಸುವುದಿಲ್ಲ. ಗಾಳಿ ಸಾಕಷ್ಟಿದೆಯೇ ಎಂದು ತಿಳಿಯಲು ಸೊಂಟದ ನೇರಕ್ಕೆ ಏರ್ ಬೆಡ್ಡಿನ ಅಡಿಗೆ ಅಂಗೈ ತೂರಿಸಿ. ಮೂಳೆ ಕೈಗೆ ತಗುಲಿದರೆ ಗಾಳಿ ಸಾಲದು. ನಡುವೆ ಒಂದು ಇಂಚಾದರೂ ಗಾಳಿಯ ದಪ್ಪ ಇರಬೇಕು. ಮೇಲೆ ಕಂಬಳಿ, ದಪ್ಪ ರಬ್ಬರ್ ಶೀಟ್ ಹಾಸಿದರೆ ಅದರ ಉಪಯೋಗವೇ ಹೋಗುತ್ತದೆ, ತೆಳು ಹತ್ತಿ ಬಟ್ಟೆ ಒಂದೇ ಸಾಕು. ನಮ್ಮ ಕಡೆಯ ದೊಡ್ಡ ತೊಂದರೆ ಕರೆಂಟು. ಮಳೆಗಾಲದಲ್ಲಿ ಕರೆಂಟು ಹೋಗಿ ಗಾಳಿ ಇಳಿದರೆ ತಾಯಿಯವರು ಬರೀ ಹಲಗೆಯ ಮೇಲೆ ಮಲಗಿದಂತೆ. ಏರ್ ಬೆಡ್ಡಿನ ಕೆಳಗೆ ನಾಲ್ಕು ಇಂಚಿನ ಫೋಮ್ ಹಾಸಿಗೆ ಯಾವಾಗಲೂ ಇರಲಿ.

ಊಟವನ್ನೂ ಮದ್ದೆಂದೇ ಎಣಿಸಿ. ಗಂಜಿ ಮಾತ್ರ ಕುಡಿಸುತ್ತಿದ್ದರೆ ಚರ್ಮ ಕೂಡುವುದಿಲ್ಲ. 50 ಕಿಲೋ ತೂಕದವರಿಗೆ ಈ ಸ್ಥಿತಿಯಲ್ಲಿ ದಿನಕ್ಕೆ 60ರಿಂದ 75 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6, ನೂರು ಗ್ರಾಂ ಮೀನಿನಲ್ಲಿ ಸುಮಾರು 20. ಮೀನು ತಿನ್ನುವ ಮನೆಯಾದರೆ ಮುಳ್ಳು ತೆಗೆದು ಗಂಜಿಗೆ ಹಿಸುಕಿ ಹಾಕಿ. ತಿನ್ನದವರು ತೊವ್ವೆಯನ್ನು ಗಟ್ಟಿ ಮಾಡಿ, ಮೊಸರು, ಪನೀರು ಸೇರಿಸಿ. ಕಿಡ್ನಿ ತೊಂದರೆ ಇದ್ದರೆ ಮಾತ್ರ ವೈದ್ಯರನ್ನು ಕೇಳಿ ಪ್ರಮಾಣ ಗೊತ್ತುಮಾಡಿಕೊಳ್ಳಿ.

ಹಾಸಿಗೆಯ ಪಕ್ಕ ಒಂದು ನೋಟ್‌ಬುಕ್ಕು ಕಟ್ಟಿಡಿ. ಗಂಟೆ, ಯಾವ ಮಗ್ಗುಲು, ಚರ್ಮ ಹೇಗಿತ್ತು, ಮೂತ್ರ, ಮಲ, ತಿಂದದ್ದು. “ಆಗಾಗ ಮಗ್ಗಲು ಬದಲಿಸುತ್ತೇವೆ” ಎನ್ನುವ ಮನೆಗಳಲ್ಲಿ ಬರೆದಿಡಲು ಶುರುಮಾಡಿದ ಮೇಲೆ ರಾತ್ರಿ ಹನ್ನೊಂದರಿಂದ ಬೆಳಗಿನ ಆರರವರೆಗೆ ಪುಟ ಖಾಲಿ ಇರುವುದು ಕಾಣುತ್ತದೆ. ಹುಣ್ಣಾಗುವುದು ಆ ಖಾಲಿ ಜಾಗದಲ್ಲಿ.

ಚರ್ಮ ಒಡೆದರೆ ಉಪ್ಪುನೀರಿನಲ್ಲಿ ತೊಳೆಯಿರಿ: ಅರ್ಧ ಲೀಟರ್ ನೀರಿಗೆ ಒಂದು ಮಟ್ಟಸ ಟೀ ಚಮಚ ಉಪ್ಪು ಹಾಕಿ ಚೆನ್ನಾಗಿ ಕುದಿಸಿ ಆರಿಸಿ, ಆ ದಿನಕ್ಕೆ ಮಾತ್ರ ಬಳಸಿ. ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡ್ ಹೊಸ ಚರ್ಮವನ್ನೂ ಸುಡುತ್ತದೆ. ಕಪ್ಪು ಪದರ, ವಾಸನೆ, ಕೀವು, ಜ್ವರ, ಸುತ್ತ ಹರಡುವ ಕೆಂಪು, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಮಾವನವರಿಗೆ ಲಕ್ವದ ನಂತರ ಗಂಜಿ ಇಳಿಯುತ್ತದೆ, ನೀರು ಕುಡಿಸಿದರೆ ಕೆಮ್ಮು. ಯಾಕೆ?
ಸೊಸೆ, ಭಟ್ಕಳ

ನುಂಗುವ ಸ್ನಾಯು ಸೋತಾಗ ತೆಳುವಾದದ್ದೇ ಕಷ್ಟ. ನೀರು ಬೇಗ ಹರಿದು, ಗಂಟಲು ಮುಚ್ಚುವ ಮೊದಲೇ ಶ್ವಾಸನಾಳಕ್ಕೆ ಇಳಿಯುತ್ತದೆ. ಗಂಜಿ ನಿಧಾನ. ಕೆಮ್ಮು ಬರುತ್ತಿದೆ ಎಂದರೆ ದೇಹ ಇನ್ನೂ ಎಚ್ಚರಿಸುತ್ತಿದೆ. ಕೆಮ್ಮೇ ಇಲ್ಲದೆ, ಕುಡಿದ ಮೇಲೆ ದನಿ ಗೊರಗೊರ ಎನ್ನುವುದು ಇನ್ನೂ ಅಪಾಯ. ಮೊದಲು ಆಸ್ಪತ್ರೆಯಲ್ಲಿ ನುಂಗುವ ಪರೀಕ್ಷೆ ಮಾಡಿಸಿ. ಯಾವ ಹದದ ದ್ರವ ಕೊಡಬಹುದು, ಮೂಗಿನ ನಳಿಗೆ ಬೇಕೇ ಎಂದು ಅಲ್ಲಿ ಹೇಳುತ್ತಾರೆ.

ಅಲ್ಲಿಯವರೆಗೆ, ಎಚ್ಚರವಾಗಿದ್ದಾಗ ಮಾತ್ರ ತಿನ್ನಿಸಿ. ನೆಟ್ಟಗೆ ಕೂರಿಸಿ, ಗದ್ದ ತುಸು ಎದೆಯ ಕಡೆ ಬಾಗಿರಲಿ. ಟೀ ಚಮಚದಲ್ಲಿ ಅರ್ಧ, ಸತ್ವವಿರುವ ಕಡೆಯ ಕೆನ್ನೆಗೆ. ನುಂಗಿದ್ದು ಗಂಟಲಲ್ಲಿ ಕಂಡ ಮೇಲೆ ಮುಂದಿನದು. ಮುಗಿದ ಮೇಲೆ ಸೋತ ಕೆನ್ನೆಯೊಳಗೆ ಅನ್ನದಗಳು ಉಳಿದಿದೆಯೇ ನೋಡಿ ತೆಗೆಯಿರಿ, ಅರ್ಧ ಗಂಟೆ ಕೂರಿಸಿಯೇ ಇರಿ. ಬಾಯಿ ದಿನಕ್ಕೆರಡು ಸಲ ಶುಚಿ ಮಾಡಿ. ಅರೆಪ್ರಜ್ಞೆಯಲ್ಲಿ ಮಲಗಿದವರ ಬಾಯಿಗೆ “ಗಂಟಲು ಒಣಗಿರುತ್ತದೆ” ಎಂದು ನೀರು ಬಿಡುವ ಪ್ರೀತಿ ನ್ಯುಮೋನಿಯಾಕ್ಕೆ ದಾರಿ. ಒದ್ದೆ ಬಟ್ಟೆಯಿಂದ ತುಟಿ ಒರೆಸಿದರೆ ಸಾಕು.

ಪ್ರಶ್ನೆ: ಮಳೆಗಾಲದಲ್ಲಿ ರೋಗಿಯ ಬಟ್ಟೆ ಒಣಗುವುದೇ ಇಲ್ಲ. ತೊಡೆಸಂದಿಯಲ್ಲಿ ಕೆಂಪು ಗುಳ್ಳೆ ಎದ್ದಿದೆ. ಕೋಣೆಯ ಕಿಟಕಿ ತೆರೆದರೆ ಥಂಡಿ ಎನ್ನುತ್ತಾರೆ.
ಗೃಹಿಣಿ, ಹೊನ್ನಾವರ

ಬಟ್ಟೆಯ ಲೆಕ್ಕದಿಂದ ಶುರುಮಾಡೋಣ. ದಿನಕ್ಕೆ ಮೂರು ಸಲ ಅಡ್ಡ ಹಾಸು ಬದಲಾಯಿಸಿದರೆ, ಆಷಾಢದಲ್ಲಿ ಒಂದು ಒಣಗಲು ಮೂರು ದಿನ ಹಿಡಿದರೆ, ಒಂಬತ್ತು ಯಾವಾಗಲೂ ಗಳದ ಮೇಲೆ ಇರುತ್ತವೆ. ಮೈಕೆಳಗೆ ಒಂದು, ಕೈಯಲ್ಲಿ ಎರಡು ಎಂದರೆ ಹನ್ನೆರಡು ಬೇಕು. ನಾಲ್ಕೈದರಲ್ಲಿ ನಡೆಸುವ ಮನೆಯಲ್ಲಿ ಹಸಿ ಬಟ್ಟೆಯೇ ರೋಗಿಯ ಕೆಳಗೆ ಹೋಗುತ್ತದೆ. ಕೊಳ್ಳಬೇಕಾಗಿಲ್ಲ. ಹಳೆಯ ಹತ್ತಿ ಸೀರೆ, ಪಂಚೆಗಳನ್ನು ಒಂದು ಮೀಟರ್ ಅಗಲ, ಒಂದೂವರೆ ಮೀಟರ್ ಉದ್ದಕ್ಕೆ ಕತ್ತರಿಸಿ ಅಂಚು ಹೊಲಿಯಿರಿ. ಹಳೆಯದಾದಷ್ಟೂ ಮೆತ್ತಗೆ, ಬೇಗ ಒಣಗುತ್ತದೆ. ನಡುವೆ ಹೊಲಿಗೆ ಬರಬಾರದು, ಅದು ಚರ್ಮಕ್ಕೆ ಒತ್ತುತ್ತದೆ.

ಮಲವಾದ ಬಟ್ಟೆಯನ್ನು ಮೊದಲು ತಣ್ಣೀರಿನಲ್ಲಿ ಜಾಲಿಸಿ, ಆಮೇಲೆ ಬಚ್ಚಲ ಹಂಡೆಯ ಬಿಸಿನೀರು, ಸೋಪು. ನೇರ ಬಿಸಿನೀರಿಗೆ ಹಾಕಿದರೆ ಕಲೆ ಕಚ್ಚಿಕೊಳ್ಳುತ್ತದೆ. ಬಚ್ಚಲ ಒಲೆಯ ಮೇಲಿನ ಗಳದಲ್ಲಿ ಒಣಗಿಸಿ, ಕೊನೆಗೆ ಎರಡೂ ಬದಿ ಇಸ್ತ್ರಿ ಹಾಕಿ. ಒಳಗಿನ ಪಸೆ ಹೋಗುವುದು ಇಸ್ತ್ರಿಯಲ್ಲೇ. ಸ್ಕುಟಾರಿಯಲ್ಲೂ ನೈಟಿಂಗೇಲ್ ಒಂದು ಮನೆ ಬಾಡಿಗೆಗೆ ಹಿಡಿದು, ಬಾಯ್ಲರ್ ಹಾಕಿಸಿ, ಸೈನಿಕರ ಹೆಂಡಂದಿರಿಗೆ ಕೂಲಿ ಕೊಟ್ಟು ಬಟ್ಟೆ ಒಗೆಸಿದರು. ಶುಶ್ರೂಷೆಯಲ್ಲಿ ಇದನ್ನು ಕೀಳು ಕೆಲಸವೆಂದು ಆಕೆ ಎಣಿಸಲಿಲ್ಲ.

ತೊಡೆಸಂದಿಯಲ್ಲಿ ಕೆಂಪು ಪಟ್ಟೆ, ಅದರಂಚಿನಲ್ಲಿ ಬಿಡಿಬಿಡಿ ಗುಳ್ಳೆ ಇದ್ದರೆ ಬಹುಮಟ್ಟಿಗೆ ಶಿಲೀಂಧ್ರ. ಮುಲಾಮನ್ನು ವೈದ್ಯರು ಬರೆದುಕೊಡಲಿ. ಅಂಗಡಿಯಲ್ಲಿ ಸಿಗುವ ಸ್ಟೀರಾಯ್ಡ್ ಬೆರೆತ ಮುಲಾಮು ಎರಡು ದಿನ ತಗ್ಗಿಸಿ ಆಮೇಲೆ ಇಮ್ಮಡಿ ಮಾಡುತ್ತದೆ. ತೊಳೆದ ಮೇಲೆ ಒತ್ತಿ ಒರೆಸಿ, ಡಯಾಪರ್ ಇಲ್ಲದೆ ದಿನಕ್ಕೆರಡು ಸಲ ಅರ್ಧ ಗಂಟೆ ಗಾಳಿಗೆ ಬಿಡಿ.

ಕಿಟಕಿಯ ವಿಷಯಕ್ಕೆ ನೈಟಿಂಗೇಲ್ ಪುಸ್ತಕದ ಮೊದಲ ನಿಯಮವೇ ಉತ್ತರ: ಒಳಗಿನ ಗಾಳಿ ಹೊರಗಿನಷ್ಟೇ ಶುದ್ಧವಾಗಿರಬೇಕು, ಆದರೆ ರೋಗಿಗೆ ಚಳಿಯಾಗಬಾರದು. ಹೊದಿಸಿ, ಕಿಟಕಿ ತೆರೆಯಿರಿ. ಎರಚಲು ಬಾರದ ದಿಕ್ಕಿನದು ಸಾಕು, ಬೆಳಿಗ್ಗೆ ಸಂಜೆ ಇಪ್ಪತ್ತು ನಿಮಿಷ. ಸೊಳ್ಳೆ ಕಾಯಿಲ್, ಅಗರಬತ್ತಿ, ಬಚ್ಚಲ ಒಲೆಯ ಹೊಗೆ ಆ ಕೋಣೆಗೆ ಬಾರದಿರಲಿ. ಸೊಳ್ಳೆಪರದೆ ಕಟ್ಟಿ.

ಪ್ರಶ್ನೆ: ಮಗಳು ಪಿಯುಸಿ ವಿಜ್ಞಾನ ಮುಗಿಸಿ ನರ್ಸಿಂಗ್ ಎನ್ನುತ್ತಿದ್ದಾಳೆ. ಕಾಲೇಜು ಆರಿಸುವಾಗ ಏನು ನೋಡಬೇಕು?
ತಂದೆ, ಕಾರವಾರ

ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ. ಭೌತ, ರಸಾಯನ, ಜೀವಶಾಸ್ತ್ರ, ಇಂಗ್ಲಿಷ್ ಓದಿರಬೇಕು. ಸಾಮಾನ್ಯ ವರ್ಗಕ್ಕೆ ನೂರಕ್ಕೆ 45 ಅಂಕ, ವಯಸ್ಸು 17 ತುಂಬಿರಬೇಕು. ಜಿ.ಎನ್.ಎಂ. (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಡಿಪ್ಲೊಮಾ) ಮೂರು ವರ್ಷ, ಅದಕ್ಕೆ ಕಲಾ, ವಾಣಿಜ್ಯ ವಿಭಾಗದವರೂ ಸೇರಬಹುದು. ಮುಂದೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿದರೆ ಅವರಿಗೂ ಪದವಿ ಸಿಗುತ್ತದೆ. ಕೋರ್ಸ್ ಮುಗಿದ ಮೇಲೆ ರಾಜ್ಯದ ನರ್ಸಿಂಗ್ ಕೌನ್ಸಿಲಿನಲ್ಲಿ ನೋಂದಣಿಯಾಗದೆ ಕೆಲಸ ಮಾಡುವಂತಿಲ್ಲ. ಆದ್ದರಿಂದ ಕಾಲೇಜಿಗೆ ಕೌನ್ಸಿಲಿನ ಮತ್ತು ವಿಶ್ವವಿದ್ಯಾಲಯದ ಮಾನ್ಯತೆ ಈ ವರ್ಷಕ್ಕೆ ಇದೆಯೇ ಎಂದು ಅವರವರ ಪಟ್ಟಿಯಲ್ಲೇ ನೋಡಿ. ಕಾಲೇಜಿನ ಗೋಡೆಯ ಮೇಲಿನ ಚೌಕಟ್ಟನ್ನು ನಂಬಬೇಡಿ.

ಕಟ್ಟಡಕ್ಕಿಂತ ಆಸ್ಪತ್ರೆ ಮುಖ್ಯ. ಕಾಲೇಜಿಗೆ ಸ್ವಂತ ಆಸ್ಪತ್ರೆ ಎಷ್ಟು ಹಾಸಿಗೆಯದು, ಮಧ್ಯಾಹ್ನ ಹೋಗಿ ನೋಡಿದರೆ ಅದರಲ್ಲಿ ಎಷ್ಟು ತುಂಬಿವೆ? ಖಾಲಿ ವಾರ್ಡಿನಲ್ಲಿ ನಾಲ್ಕು ವರ್ಷ ಬೊಂಬೆಗೆ ಸೂಜಿ ಚುಚ್ಚಿ ಬಂದ ಹುಡುಗಿ, ಮೊದಲ ನೌಕರಿಯ ಮೊದಲ ರಾತ್ರಿ ಒಬ್ಬಳೇ ನಿಂತಾಗ ನಡುಗುತ್ತಾಳೆ. ಕೊನೆಯ ವರ್ಷದ ವಿದ್ಯಾರ್ಥಿನಿಯರನ್ನು ಮಾತಾಡಿಸಿ: ಹೆರಿಗೆ ಎಷ್ಟು ನೋಡಿದಿರಿ, ಯಾವ ಆಸ್ಪತ್ರೆಗೆ ಕಳಿಸುತ್ತಾರೆ, ರಾತ್ರಿ ಪಾಳಿಗೆ ಹೋಗಿ ಬರಲು ವಾಹನ ಇದೆಯೇ? ಮೂಲ ಅಂಕಪಟ್ಟಿ ಕೊಡಲೇಬೇಕಾದರೆ ರಸೀದಿ ಪಡೆಯಿರಿ. ವಾರ್ಡಿಗೆ ಇಳಿಯುವ ಮೊದಲು ಹೆಪಟೈಟಿಸ್ ಬಿ ಲಸಿಕೆ ಮೂರೂ ಸುತ್ತು ಆಗಬೇಕು: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ಇಂದೇ ಶುರುಮಾಡಿಸಬಹುದು.

ಪ್ರಶ್ನೆ: ನಮ್ಮ ನಾಡಿನಲ್ಲೇ ಇಂಥವರು ಯಾರೂ ಇರಲಿಲ್ಲವೇ?
ಓದುಗ, ಯಲ್ಲಾಪುರ

ಇದ್ದರು. ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ. ಆಸ್ಪತ್ರೆ ದೂರವಿದ್ದ ಊರುಗಳಲ್ಲಿ ಹತ್ತಾರು ವರ್ಷ ಹಣ ಮುಟ್ಟದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರ್ 25ರಂದು ತೀರಿಕೊಂಡರು. ಇಂದು ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು. ರಕ್ತಸ್ರಾವ ಹೆಚ್ಚಿದರೆ ಘಟ್ಟ ಇಳಿಯುವಷ್ಟು ಸಮಯ ಸಿಗುವುದಿಲ್ಲ. ಸೂಲಗಿತ್ತಿಯ ಕೈಹದದಲ್ಲಿ ಉಳಿಸಿಕೊಳ್ಳಬೇಕಾದದ್ದು, ಹೆರುವವಳ ಪಕ್ಕ ಬಿಟ್ಟೇಳದೆ ಕೂರುವುದು. ಬಿಡಬೇಕಾದದ್ದೂ ಇದೆ: ಮಗುವಿಗೆ ಮೊದಲ 24 ಗಂಟೆ ಸ್ನಾನ ಬೇಡ, ಹೊಕ್ಕುಳಿಗೆ ಎಣ್ಣೆ, ಬೂದಿ ಏನೂ ಹಚ್ಚಬಾರದು, ಒಂದು ಗಂಟೆಯೊಳಗೆ ಎದೆಹಾಲು, ಅದಕ್ಕೂ ಮೊದಲು ಜೇನುತುಪ್ಪ ಬೇಡವೇ ಬೇಡ.

ಪ್ರಶ್ನೆ: ನಮ್ಮ ಮಹಿಳಾ ಸಂಘದ ಹನ್ನೆರಡು ಮಂದಿ, ಸುತ್ತಲಿನ ಕೇರಿಗಳಲ್ಲಿ ಹಾಸಿಗೆ ಹಿಡಿದವರ ಮನೆಗೆ ಹೋಗಿ ಸೇವೆ ಮಾಡಬೇಕೆಂದಿದ್ದೇವೆ. ಹೇಗೆ ಶುರುಮಾಡುವುದು?
ಸಂಘದ ಕಾರ್ಯದರ್ಶಿ, ಕುಮಟಾ

ಮೊದಲು ಕಲಿಯಿರಿ. ಮದರ್ ತೆರೇಸಾ 1948ರಲ್ಲಿ ಕಲ್ಕತ್ತೆಯ ಕೊಳೆಗೇರಿಗೆ ಇಳಿಯುವ ಮುನ್ನ ಪಟ್ನಾಕ್ಕೆ ಹೋಗಿ ಹೋಲಿ ಫ್ಯಾಮಿಲಿ ಆಸ್ಪತ್ರೆಯಲ್ಲಿ ಶುಶ್ರೂಷೆ ಕಲಿತು ಬಂದರು. ನಿಮಗೆ ಮಾದರಿ ಪಕ್ಕದ ಕೇರಳದಲ್ಲಿದೆ. 1993ರಲ್ಲಿ ಕೋಯಿಕ್ಕೋಡಿನಲ್ಲಿ ಶುರುವಾದ ಉಪಶಮನ ಆರೈಕೆ (ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸುವ ಆರೈಕೆ), ಮಲಪ್ಪುರಂನಂಥ ಜಿಲ್ಲೆಗಳಲ್ಲಿ ಊರವರೇ ನಡೆಸುವ ಜಾಲವಾಗಿ ಬೆಳೆಯಿತು. 2008ರಲ್ಲಿ ಅಲ್ಲಿನ ಸರ್ಕಾರ ಅದಕ್ಕೊಂದು ನೀತಿಯನ್ನೇ ಮಾಡಿತು. ಅಲ್ಲಿ ಊರಿನ ಸ್ವಯಂಸೇವಕರ ಜೊತೆ ತರಬೇತಾದ ನರ್ಸ್ ಒಬ್ಬರು ಇರುತ್ತಾರೆ. ನಿಮಗೂ ನೋಂದಾಯಿತ ನರ್ಸ್ ಒಬ್ಬರು ಬೇಕೇ ಬೇಕು. ನಿವೃತ್ತ ಸಿಸ್ಟರ್ ಒಬ್ಬರು ಊರಲ್ಲಿದ್ದರೆ ಮೊದಲು ಅವರ ಮನೆಗೆ ಹೋಗಿ.

ಆಶಾ ಕಾರ್ಯಕರ್ತೆಯ ಹತ್ತಿರ ಪಟ್ಟಿ ಇರುತ್ತದೆ. ಎಲ್ಲ ಮನೆ ಹಿಡಿಯಬೇಡಿ. ಒಬ್ಬೊಬ್ಬರೇ ಹೋಗದೆ ಇಬ್ಬಿಬ್ಬರಂತೆ ಹೊರಟರೆ ಆರು ಜೋಡಿ. ಜೋಡಿಗೆ ಎರಡು ಮನೆ, ವಾರಕ್ಕೊಮ್ಮೆ, ಒಂದು ಮನೆಗೆ ಮುಕ್ಕಾಲು ಗಂಟೆ. ಹನ್ನೆರಡು ಮನೆಯನ್ನು ಆರು ತಿಂಗಳು ಬಿಡದೆ ನಡೆಸಿದ ಮೇಲೆ ಹದಿಮೂರನೆಯದು. ಉತ್ಸಾಹದಲ್ಲಿ ಐವತ್ತು ಮನೆ ಬರೆದುಕೊಂಡು, ಮಳೆ ಶುರುವಾದ ಕೂಡಲೇ ನಿಲ್ಲಿಸಿದರೆ, ದಾರಿ ನೋಡುತ್ತ ಕೂತವರಿಗೆ ಆಗುವ ನೋವು ನೀವು ಹೋಗದೇ ಇದ್ದುದಕ್ಕಿಂತ ದೊಡ್ಡದು.

ಚೀಲದಲ್ಲಿ ಬಿಪಿ ನೋಡುವ ಯಂತ್ರ, ಥರ್ಮಾಮೀಟರ್, ಶುಗರ್ ನೋಡುವುದು, ಆಕ್ಸಿಮೀಟರ್, ಗ್ಲೌಸು, ಗಾಜ್ ಬಟ್ಟೆ, ಟೇಪು, ಕತ್ತರಿ, ಟಾರ್ಚು, ಸೋಪು, ನೋಟ್‌ಬುಕ್ಕು. ಹೋದ ಕೂಡಲೇ ಕೈ ತೊಳೆಯಿರಿ, ರೋಗಿಯ ಜೊತೆ ಅವರನ್ನು ನೋಡಿಕೊಳ್ಳುವವರನ್ನೂ ಕೂರಿಸಿ ಕೇಳಿ: ನಿದ್ದೆ ಆಯಿತೇ? ಆಮೇಲೆ ನೋವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು, ಚರ್ಮ, ಬಾಯಿ, ಮೂತ್ರ, ಮಲ. ಮೂರು ದಿನ ಮಲವಾಗದಿದ್ದರೆ ಬರೆದು ನರ್ಸ್‌ಗೆ ತಿಳಿಸಿ. ನೋವಿನ ಗುಳಿಗೆ ತಿನ್ನುವವರಲ್ಲಿ ಇದು ಸಾಮಾನ್ಯ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮೂತ್ರದ ಚೀಲ ಯಾವಾಗಲೂ ಹೊಟ್ಟೆಗಿಂತ ಕೆಳಗೆ, ಆದರೆ ನೆಲಕ್ಕೆ ತಾಗದಂತೆ. ಮೂರರಲ್ಲಿ ಎರಡು ಪಾಲು ತುಂಬಿದಾಗ ಖಾಲಿ ಮಾಡಿ. ಇಂಜೆಕ್ಷನ್ ಕೊಡಬೇಡಿ, ನಿಮ್ಮ ಮನೆಯ ಗುಳಿಗೆ ಕೊಡಬೇಡಿ. ರೋಗಿಯ ಫೋಟೋ ತೆಗೆದು ವಾಟ್ಸಾಪಿಗೆ ಹಾಕಬೇಡಿ, ದಾನಿಗಳು ಕೇಳಿದರೂ ಸರಿ. ಗದ್ದೆಯಂಚಿನಲ್ಲಿ ನಡೆಯುವಾಗ ಗಂಬೂಟು ಹಾಕಿಕೊಳ್ಳಿ. ಒಡೆದ ಕಾಲಿಗೆ ಕೆಸರುನೀರು ತಾಗಿ ಇಲಿಜ್ವರ ಬರುತ್ತದೆ.

ಮಂಚ, ಗಾಲಿಕುರ್ಚಿ, ಏರ್ ಬೆಡ್ ಎರವಲು ಕೊಡುವ ಯೋಚನೆ ಇದ್ದರೆ ಒಂದು ರಿಜಿಸ್ಟರು ಬೇಕು: ಕೊಟ್ಟ ದಿನ, ಸ್ಥಿತಿ, ಸಹಿ. ಮರಳಿ ಬಂದದ್ದನ್ನು ಸೋಪಿನಲ್ಲಿ ತೊಳೆದು, ಲೀಟರ್ ನೀರಿಗೆ 15 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ ತಿಳಿ ತೆಗೆದು ಒರೆಸಿ, ಹತ್ತು ನಿಮಿಷ ಬಿಟ್ಟು ಬರೀ ನೀರಿನಲ್ಲಿ ಒರೆಸಿ, ಇಲ್ಲದಿದ್ದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಕರಾವಳಿಯ ತೇವಕ್ಕೆ ಬಾಯಿ ತೆರೆದ ಬ್ಲೀಚಿಂಗ್ ಪೊಟ್ಟಣ ಬೇಗ ಸತ್ವ ಕಳೆದುಕೊಳ್ಳುತ್ತದೆ, ಮೂಗಿಗೆ ಘಾಟು ಬಾರದಿದ್ದರೆ ಎಸೆಯಿರಿ. ಪಾಯಿಖಾನೆ ತೊಳೆಯುವ ಆಸಿಡ್ ಜೊತೆ ಎಂದೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ರೋಗಿ ತೀರಿಕೊಂಡ ಮನೆಯಿಂದ ಸಾಮಾನು ಕೇಳಲು ಹದಿಮೂರನೆಯ ದಿನ ಕಳೆಯಲಿ. ಆದರೆ ಆಮೇಲೆ ಕೇಳಲು ಸಂಕೋಚ ಬೇಡ. ಅಟ್ಟದ ಮೇಲೆ ಧೂಳು ತಿನ್ನುವ ಗಾಲಿಕುರ್ಚಿಗೆ ಇನ್ನೊಂದು ಕೇರಿಯಲ್ಲಿ ಯಾರೋ ಕಾದಿರುತ್ತಾರೆ.

ಹಣ ಸೇರಿಸುವುದಾದರೆ ಮೊದಲ ರೂಪಾಯಿಯಿಂದಲೇ ರಸೀದಿ, ಬ್ಯಾಂಕಿನಲ್ಲಿ ಇಬ್ಬರ ಸಹಿಯ ಖಾತೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಲು ಏಳು ಸದಸ್ಯರಾದರೂ ಬೇಕು, ನೀವು ಹನ್ನೆರಡು ಮಂದಿ ಇದ್ದೀರಿ.

ಪ್ರಶ್ನೆ: ಬಹಳ ದಿನದಿಂದ ಮಲಗಿರುವವರನ್ನು ನೋಡಲು ಹೋಗುವಾಗ ಏನು ಒಯ್ಯಬೇಕು?
ಓದುಗರೊಬ್ಬರು, ಗೋಕರ್ಣ

ಹಣ್ಣು ಸಾಕಷ್ಟು ಬಂದಿರುತ್ತದೆ. ಸಲಹೆಗಳು ಅದಕ್ಕಿಂತ ಹೆಚ್ಚು. ನೋಡಲು ಬಂದವರು ಕೊಡುವ ಪೊಳ್ಳು ಭರವಸೆ ಮತ್ತು ಪುಕ್ಕಟೆ ಸಲಹೆಗಳ ಬಗ್ಗೆ ನೈಟಿಂಗೇಲ್ ತಮ್ಮ ಪುಸ್ತಕದಲ್ಲಿ ಒಂದು ಅಧ್ಯಾಯವನ್ನೇ ಬರೆದಿದ್ದಾರೆ. ಫೋನ್ ಮಾಡಿ ಹೊತ್ತು ಕೇಳಿ ಹೋಗಿ. ರೋಗಿಗೆ ಕಾಣುವಂತೆ ಎದುರಿಗೆ ಕೂತು ಮಾತಾಡಿ. ತಲೆಯ ಹಿಂದೆ ನಿಂತರೆ ಅವರು ಕತ್ತು ತಿರುಗಿಸಬೇಕಾಗುತ್ತದೆ. ಬಾಗಿಲ ಹೊರಗೆ ಪಿಸುಗುಟ್ಟಬೇಡಿ. ಹಿಂದಿನ ರಾತ್ರಿ ಮೂರು ಸಲ ಎದ್ದು ಮಗ್ಗಲು ಬದಲಿಸಿದ ಮಗಳೋ ಸೊಸೆಯೋ ಅಲ್ಲೇ ಇರುತ್ತಾರೆ. ಎರಡು ಗಂಟೆ ನಾವು ಕೂರುತ್ತೇವೆ, ನೀನು ಒಳಗೆ ಹೋಗಿ ಮಲಗು ಎಂದು ಹೇಳಿ. ಹೇಳಿದ ಮೇಲೆ ನೋಟ್‌ಬುಕ್ಕಿನಲ್ಲಿ ಮುಂದಿನ ಮಗ್ಗುಲು ಯಾವ ಕಡೆಗೆ, ಎಷ್ಟು ಗಂಟೆಗೆ ಎಂದು ನೋಡಿಕೊಳ್ಳಿ.